ಹೊಸ ಪ್ರೊಸೆಸರ್‌ಗೆ ಕಾಯುತ್ತಿದ್ದೀರಾ? ಮೊದಲು ಬೋರ್ಡ್ ಕಡೆ ನೋಡಿ

ಹೋದ ಶನಿವಾರ ಅಕ್ಕನ ಮಗ ರಾಜಾಜಿನಗರದಿಂದ ಫೋನ್ ಮಾಡಿದ. "ಮಾಮ, ಹೊಸ ಜನರೇಶನ್ ಪ್ರೊಸೆಸರ್ ಬರ್ತಿದೆಯಂತೆ. ಈಗ ತಗೊಂಡ್ರೆ ಆರು ತಿಂಗಳಲ್ಲಿ ಹಳೇದಾಗಿಬಿಡಲ್ವಾ? ಇನ್ನೂ ಸ್ವಲ್ಪ ದಿನ ಕಾಯ್ಲಾ?"

ಇದೇ ಪ್ರಶ್ನೆಯನ್ನು ಅವನು ಹೋದ ವರ್ಷವೂ ಕೇಳಿದ್ದ. ಆಗಲೂ ಕಾದ. ಆ ವರ್ಷ ಪೂರ್ತಿ ಹಳೇ ಮಷಿನ್‌ನಲ್ಲೇ ಕಾಲೇಜಿನ ಪ್ರಾಜೆಕ್ಟ್ ಮಾಡಿದ. ಅವನ ಕಷ್ಟ ನನಗೆ ಗೊತ್ತು, ದುಡ್ಡು ಕೂಡಿಸಿ ಕೂಡಿಸಿ ಇಟ್ಟಿದ್ದಾನೆ. ತಪ್ಪು ಸಾಮಾನು ತಂದರೆ ಇನ್ನೊಂದು ಸಲ ತರಲು ಆಗುವುದಿಲ್ಲ.

"ಪ್ರೊಸೆಸರ್ ವಿಷಯ ಆಮೇಲೆ ನೋಡೋಣ. ಅದನ್ನ ಯಾವ ಬೋರ್ಡ್ ಮೇಲೆ ಕೂರಿಸ್ತೀಯ, ಆ ಬೋರ್ಡ್ ಮೇಲೆ ನಾಳೆ ಇನ್ನೇನು ಕೂರುತ್ತೆ, ಅದನ್ನ ಮೊದಲು ಹೇಳು" ಅಂದೆ.

ಬೋರ್ಡ್ ಅಂದರೆ ಮದರ್‌ಬೋರ್ಡ್, ಕಂಪ್ಯೂಟರ್‌ನ ಭಾಗಗಳೆಲ್ಲ ಕೂರುವ ಹಲಗೆ. ಯಾಕೆ ಹೀಗೆ ಅಂದೆ ಅಂದರೆ, ಪ್ರೊಸೆಸರ್ ಬದಲಿಸುವುದು ಅರ್ಧ ಗಂಟೆ ಕೆಲಸ. ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಇಟ್ಟು, ಶಾಖ ಸಾಗಿಸುವ ಪೇಸ್ಟ್ ಹಚ್ಚಿದರೆ ಮುಗಿಯಿತು. ಬೋರ್ಡ್ ಬದಲಿಸಬೇಕು ಅಂದರೆ ಇಡೀ ಮಷಿನ್ ಬಿಚ್ಚಬೇಕು. ರ‍್ಯಾಮ್ ಕೂಡ ಬದಲಿಸಬೇಕಾಗಬಹುದು, ಕೂಲರ್‌ನ ಬ್ರಾಕೆಟ್ ಕೂಡದೇ ಹೋಗಬಹುದು. ಪ್ರೊಸೆಸರ್ ಬಗ್ಗೆ ನಾವು ತಲೆ ಕೆಡಿಸಿಕೊಳ್ಳುವಷ್ಟು ಬೋರ್ಡ್ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆರೇಳು ವರ್ಷ ನಮ್ಮ ಜೊತೆ ಇರುವುದು ಬೋರ್ಡೇ. ಹಾಗಾಗಿ ಈ ಬರಹದ ಹಂತಗಳೆಲ್ಲ ಬೋರ್ಡ್ ಸುತ್ತಲೇ ಸುತ್ತುತ್ತವೆ.

ಹಂತ 1: ಈಗಿರುವ ಮಷಿನ್‌ನ ನಾಡಿ ಹಿಡಿಯಿರಿ

ನಿಮಗೆ ನಿಜವಾಗಿ ಹೊಸ ಪ್ರೊಸೆಸರ್ ಬೇಕಾ? ಇದಕ್ಕೆ ಉತ್ತರ ಕೊಡುವುದು ನಿಮ್ಮ ಮಷಿನ್ನೇ. ನಿಧಾನ ಅನ್ನಿಸುವ ಕೆಲಸವನ್ನೇ ಮಾಡುತ್ತಾ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಐದು ನಿಮಿಷ ನೋಡಿ. ಮೆಮೊರಿ 90 ಪರ್ಸೆಂಟ್ ದಾಟಿ, ಡಿಸ್ಕ್ ಒದ್ದಾಡುತ್ತಿದ್ದರೆ ತೊಂದರೆ ರ‍್ಯಾಮ್‌ನದು. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ 97-98 ಪರ್ಸೆಂಟ್‌ನಲ್ಲಿ ಇದ್ದರೆ, ಎಂಥ ಪ್ರೊಸೆಸರ್ ತಂದರೂ ಫ್ರೇಮ್ ಹೆಚ್ಚಾಗುವುದಿಲ್ಲ. ಇನ್ನೂ ಹಾರ್ಡ್ ಡಿಸ್ಕ್‌ನಿಂದಲೇ ವಿಂಡೋಸ್ ಓಡುತ್ತಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿ.

ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಇದ್ದು, ಪ್ರೊಸೆಸರ್‌ನ ಒಂದೋ ಎರಡೋ ಕೋರ್ (ಒಳಗೆ ಲೆಕ್ಕ ಮಾಡುವ ಘಟಕ) ಪೂರ್ತಿ ದುಡಿಯುತ್ತಿದ್ದರೆ ಮಾತ್ರ ಮುಂದೆ ಓದಿ. ಇನ್ನೊಂದು ಕಾರಣವೂ ಇರಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೇ ಪ್ರೊಸೆಸರ್ ಇದ್ದವರು ಈ ಕಾರಣಕ್ಕೂ ಬದಲಿಸಬೇಕಾಗಿ ಬಂದಿದೆ.

ಹಂತ 2: ಸಾಕೆಟ್‌ನ ಜಾತಕ ಓದಿ

ಪ್ರೊಸೆಸರ್ ಕೂರುವ ಚೌಕವೇ ಸಾಕೆಟ್. ಒಂದು ಸಾಕೆಟ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ, ಕಾಯಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ಎಎಂ4 ಸಾಕೆಟ್ ನೋಡಿ. ಅದರ ಮೊದಲ ರೈಜೆನ್ ಪ್ರೊಸೆಸರ್ ಬಂದದ್ದು 2017ರ ಮಾರ್ಚ್‌ನಲ್ಲಿ. ಅದೇ ಸಾಕೆಟ್‌ಗೆ 2022ರ ಏಪ್ರಿಲ್‌ನಲ್ಲಿ ರೈಜೆನ್ 7 5800ಎಕ್ಸ್3ಡಿ ಬಂತು. 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವ ಆ ಪ್ರೊಸೆಸರನ್ನು 2017ರ ಬಿ350 ಬೋರ್ಡ್‌ಗೆ, ಬಯೋಸ್ ಅಪ್‌ಡೇಟ್ ಮಾಡಿ ಹಾಕಿದವರು ಎಷ್ಟೋ ಜನ. ಬಯೋಸ್ ಅಂದರೆ ಮಷಿನ್ ಆನ್ ಆದ ಕೂಡಲೇ ಓಡುವ, ಬೋರ್ಡ್‌ನೊಳಗಿನ ಸಣ್ಣ ಪ್ರೋಗ್ರಾಂ. ಬೋರ್ಡ್ ಅದೇ, ರ‍್ಯಾಮ್ ಅದೇ, ಮಷಿನ್ ಮಾತ್ರ ಹೊಸದಾದಂತೆ.

ಆದರೆ ಅದು ಸುಲಭವಾಗಿ ಸಿಕ್ಕ ಸೌಲಭ್ಯ ಅಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಮುಂದಿನ ಝೆನ್ 3 (ರೈಜೆನ್ 5000) ಪ್ರೊಸೆಸರ್‌ಗಳು 400 ಸರಣಿಯ ಬೋರ್ಡ್‌ಗಳಲ್ಲಿ ನಡೆಯುವುದಿಲ್ಲ ಅಂದಿತ್ತು. ಬಯೋಸ್ ಚಿಪ್‌ನಲ್ಲಿ ಜಾಗ ಸಾಲದು ಅನ್ನುವುದು ಒಂದು ಕಾರಣ. ಬಳಕೆದಾರರು ಜೋರಾಗಿ ತಕರಾರು ಎತ್ತಿದರು. ಅದೇ ತಿಂಗಳಲ್ಲಿ ಕಂಪನಿ ಮಾತು ಬದಲಿಸಿ, ಬೆಂಬಲ ಕೊಡುತ್ತೇವೆ ಅಂದಿತು. ಇದರಿಂದ ನಾನು ಕಲಿತದ್ದು ಎರಡು. ಸಾಕೆಟ್ ಒಂದೇ ಅಂದ ಮಾತ್ರಕ್ಕೆ ಎಲ್ಲ ಬೋರ್ಡ್‌ಗೂ ಎಲ್ಲ ಪ್ರೊಸೆಸರ್ ಕೂಡುತ್ತದೆ ಅಂದುಕೊಳ್ಳಬಾರದು. ಮತ್ತೆ, ಬಯೋಸ್ ಚಿಪ್ ದೊಡ್ಡದಿರುವ ಬೋರ್ಡ್ ಹೆಚ್ಚು ದಿನ ಬಾಳುತ್ತದೆ.

ಇನ್ನೊಂದು ಪ್ರೊಸೆಸರ್ ಕಂಪನಿ ಇಂಟೆಲ್‌ನ ಕಥೆ ಬೇರೆ. ಎಲ್‌ಜಿಎ 1151 ಸಾಕೆಟ್ 2015ರಲ್ಲಿ ಬಂತು. 2017ರಲ್ಲಿ 8ನೇ ತಲೆಮಾರು ಬಂದಾಗ ಸಾಕೆಟ್‌ನ ಹೆಸರು ಅದೇ, ಪಿನ್‌ಗಳ ಸಂಖ್ಯೆ ಅದೇ. ಆದರೂ ಹಳೇ 100, 200 ಸರಣಿಯ ಬೋರ್ಡ್‌ನಲ್ಲಿ ನಡೆಯಲಿಲ್ಲ, ಹೊಸ 300 ಸರಣಿಯ ಬೋರ್ಡೇ ಬೇಕಾಯಿತು. 2020ರ ಎಲ್‌ಜಿಎ 1200 ಎರಡು ತಲೆಮಾರಿಗೆ ಮುಗಿಯಿತು. ಅದರಲ್ಲೂ ಅಗ್ಗದ ಎಚ್410, ಬಿ460 ಬೋರ್ಡ್‌ಗಳಿಗೆ 11ನೇ ತಲೆಮಾರಿನ ಬೆಂಬಲ ಇರಲಿಲ್ಲ. ಎಲ್‌ಜಿಎ 1700 ಸ್ವಲ್ಪ ಉದಾರಿ: 12, 13, 14, ಹೀಗೆ ಮೂರು ತಲೆಮಾರು, 2021ರಿಂದ 2023ರವರೆಗೆ. 2024ರ ಅಕ್ಟೋಬರ್‌ನಲ್ಲಿ ಕೋರ್ ಅಲ್ಟ್ರಾ 200 ಬಂದಾಗ ಮತ್ತೆ ಹೊಸ ಸಾಕೆಟ್, ಎಲ್‌ಜಿಎ 1851.

ಈಗ ಎಎಂಡಿ ಕಡೆ ಇರುವುದು ಎಎಂ5. 2022ರ ಸೆಪ್ಟೆಂಬರ್‌ನಲ್ಲಿ ರೈಜೆನ್ 7000 ಜೊತೆ ಬಂತು. ಅದೇ ಸಾಕೆಟ್‌ನಲ್ಲಿ 2024ರ ಆಗಸ್ಟ್‌ನಲ್ಲಿ ರೈಜೆನ್ 9000 ಬಂತು. ಎಎಂ5 ಅನ್ನು 2027 ಮತ್ತು ಅದರಾಚೆಗೂ ನಡೆಸುತ್ತೇವೆ ಅಂತ ಎಎಂಡಿ ಬಹಿರಂಗವಾಗಿ ಹೇಳಿದೆ. ಇಂಟೆಲ್ ತನ್ನ ಮುಂದಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ನೋವಾ ಲೇಕ್ ಅಂತ ಹೆಸರಿಟ್ಟು, 2026ರ ಕೊನೆಯ ಹೊತ್ತಿಗೆ ಅಂದಿದೆ.

ಹಾಗಾದರೆ ನನ್ನ ಲೆಕ್ಕ ಇದು. ಸಾಕೆಟ್ ನಡುವಯಸ್ಸಿನಲ್ಲಿದ್ದು, ಮುಂದೆಯೂ ನಡೆಸುತ್ತೇವೆ ಅಂತ ಕಂಪನಿಯೇ ಹೇಳಿದ್ದರೆ, ಕಾಯುವ ಅಗತ್ಯ ಕಡಿಮೆ. ಇವತ್ತು ಒಳ್ಳೆಯ ಬೋರ್ಡ್ ಜೊತೆ ಸಾಧಾರಣ ಪ್ರೊಸೆಸರ್ ಹಾಕಿ, ಎರಡು ವರ್ಷದ ಮೇಲೆ ಪ್ರೊಸೆಸರ್ ಮಾತ್ರ ಬದಲಿಸಿ. ಸಾಕೆಟ್ ಕೊನೆಗಾಲದಲ್ಲಿದ್ದರೆ ಎರಡೇ ದಾರಿ. ಒಂದೋ ಪೂರ್ತಿ ಕಡಿಮೆ ಬೆಲೆಗೆ ಸಿಗಬೇಕು, ಇಲ್ಲವೋ ಹೊಸ ಸಾಕೆಟ್‌ಗೆ ಕಾಯಬೇಕು. ಕೊನೆಗಾಲದ ಸಾಕೆಟ್‌ಗೆ ದುಬಾರಿ ಬೋರ್ಡ್ ತೆಗೆದುಕೊಳ್ಳುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಹಂತ 3: ಕಾಯುವುದಾದರೆ ದಿನ ಗೊತ್ತು ಮಾಡಿ

"ಬರುತ್ತೆ ಬರುತ್ತೆ" ಅಂತ ಕಾಯುವುದು ಬೇರೆ, ಕ್ಯಾಲೆಂಡರ್ ನೋಡಿ ಕಾಯುವುದು ಬೇರೆ. ದೊಡ್ಡ ಘೋಷಣೆಗಳು ಸಾಮಾನ್ಯವಾಗಿ ಎರಡು ಹೊತ್ತಿನಲ್ಲಿ ಆಗುತ್ತವೆ. ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳ, ಮೇ ಕೊನೆ ಅಥವಾ ಜೂನ್ ಹೊತ್ತಿಗೆ ತೈಪೆಯ ಕಂಪ್ಯುಟೆಕ್ಸ್ ಮೇಳ. ಘೋಷಣೆ ಆದ ದಿನಕ್ಕೂ ಅಂಗಡಿಗೆ ಬರುವ ದಿನಕ್ಕೂ ಅಂತರ ಇರುತ್ತದೆ. ಹೇಳಿದ ದಿನವೂ ಜಾರಬಹುದು. ರೈಜೆನ್ 9000 ಸರಣಿ 2024ರ ಜುಲೈ 31ಕ್ಕೆ ಬರಬೇಕಿತ್ತು, ಬಂದದ್ದು ಆಗಸ್ಟ್ 8 ಮತ್ತು 15ಕ್ಕೆ, ಎರಡು ಕಂತಿನಲ್ಲಿ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಮೊದಲ ದಿನ ಬರುವುದು ಸಾಮಾನ್ಯವಾಗಿ ದುಬಾರಿ ಬೋರ್ಡ್‌ಗಳು. ರೈಜೆನ್ 7000 ಬಂದಾಗ ಜೊತೆಗಿದ್ದದ್ದು ದುಬಾರಿ ಎಕ್ಸ್670 ಬೋರ್ಡ್. ಮಧ್ಯಮ ಬೆಲೆಯ ಬಿ650 ಬಂದದ್ದು ಅಕ್ಟೋಬರ್‌ನಲ್ಲಿ. ಎಲ್ಲಕ್ಕಿಂತ ಅಗ್ಗದ ಎ620 ಬರುವಾಗ 2023ರ ಮಾರ್ಚ್ ಕೊನೆ. ಅದಕ್ಕೂ ಹಿಂದೆ, ಎಕ್ಸ್570 ಬೋರ್ಡ್ ಬಂದು ಹೆಚ್ಚುಕಡಿಮೆ ಒಂದು ವರ್ಷ ಆದಮೇಲೆ, 2020ರ ಜೂನ್‌ನಲ್ಲಿ ಬಿ550 ಬಂತು. ಇಂಟೆಲ್ ಕಡೆಯೂ ಹಾಗೇ. 2024ರ ಅಕ್ಟೋಬರ್‌ನಲ್ಲಿ ಝಡ್890, ಬಿ860 ಮತ್ತು ಎಚ್810 ಜನವರಿ 2025ಕ್ಕೆ. ಕಡಿಮೆ ಬಜೆಟ್‌ನವರಿಗೆ ಬೋರ್ಡ್ ಇಲ್ಲದ ಪ್ರೊಸೆಸರ್ ಅಂದರೆ ಊಟವಿಲ್ಲದ ಉಪ್ಪಿನಕಾಯಿ ಇದ್ದ ಹಾಗೆ. ಹಾಗಾಗಿ ನಿಮ್ಮ ದಿನಾಂಕ ಪ್ರೊಸೆಸರ್ ಬಿಡುಗಡೆಯ ದಿನ ಆಗಬಾರದು. ಮಧ್ಯಮ ಬೆಲೆಯ ಬೋರ್ಡ್ ಬಂದು ಒಂದು ತಿಂಗಳಾದ ದಿನ ಆಗಬೇಕು.

ಹೊಸದು ಅಂದ ಕೂಡಲೇ ವೇಗ ಜಾಸ್ತಿ ಅಂತಲೂ ಅಲ್ಲ. ಕೋರ್ ಅಲ್ಟ್ರಾ 200 ಬಂದಾಗ ಹಲವು ಗೇಮ್‌ಗಳಲ್ಲಿ ಅದು ತನ್ನ ಹಿಂದಿನ 14ನೇ ತಲೆಮಾರಿಗಿಂತ ಹಿಂದೆ ಬಿತ್ತು. ಬರಿ ಗೇಮ್‌ಗಾಗಿ ಕೊಳ್ಳುವವರು ಇನ್ನೊಂದು ಲೆಕ್ಕ ಹಾಕಬೇಕು. ಎಎಂಡಿಯ ಹೆಚ್ಚು ಕ್ಯಾಶ್ ಇರುವ ಎಕ್ಸ್3ಡಿ ಮಾದರಿಗಳು ಮಾಮೂಲಿ ಮಾದರಿಗಳಾದ ಮೇಲೆ ಬರುತ್ತವೆ. 9800ಎಕ್ಸ್3ಡಿ ಬಂದದ್ದು 2024ರ ನವೆಂಬರ್‌ನಲ್ಲಿ.

ಇನ್ನು, ಹೊಸದರಲ್ಲಿ ಹುಳುಕು ಇದ್ದರೆ ಅದು ಗೊತ್ತಾಗುವುದು ತಿಂಗಳುಗಳ ಮೇಲೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಅತಿಯಾಗಿ ಹೋಗಿ, ಮಷಿನ್ ಪದೇ ಪದೇ ಕ್ರ್ಯಾಶ್ ಆಗುವ ತೊಂದರೆ ಬಂತು. 2024ರ ಆಗಸ್ಟ್‌ನಿಂದ ಅದಕ್ಕೆ ಬಯೋಸ್ ಮೂಲಕ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಪರಿಹಾರ ಬಂತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. 2023ರ ಏಪ್ರಿಲ್‌ನಲ್ಲಿ ಕೆಲವು ಎಎಂ5 ಬೋರ್ಡ್‌ಗಳಲ್ಲಿ ಎಕ್ಸ್3ಡಿ ಪ್ರೊಸೆಸರ್ ಸುಟ್ಟದ್ದು ವರದಿಯಾಯಿತು. ಆಮೇಲೆ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನ ಒಂದು ಭಾಗಕ್ಕೆ ಹೋಗುವ ವೋಲ್ಟೇಜ್) 1.3 ದಾಟದಂತೆ ಬಯೋಸ್‌ನಲ್ಲೇ ತಡೆ ಹಾಕಿದರು. ಎರಡೂ ಕಡೆ ಪರಿಹಾರ ಬಂದದ್ದು ಬೋರ್ಡ್‌ನ ಬಯೋಸ್ ಮೂಲಕ. ಬಯೋಸ್ ಅಪ್‌ಡೇಟ್ ಸರಿಯಾಗಿ ಕೊಡುವ ಕಂಪನಿಯ ಬೋರ್ಡ್ ಯಾಕೆ ಬೇಕು ಅಂತ ಇಲ್ಲೇ ಗೊತ್ತಾಗುತ್ತದೆ ಅಲ್ವಾ?

ಹಂತ 4: ಬೋರ್ಡ್ ಆರಿಸಿ

ಮೊದಲು ಬೋರ್ಡ್ ಕಂಪನಿಯ ತಾಣದಲ್ಲಿ ಆ ಮಾದರಿಯ ಸಿಪಿಯು (ಅಂದರೆ ಪ್ರೊಸೆಸರ್) ಬೆಂಬಲ ಪಟ್ಟಿ ತೆಗೆಯಿರಿ. ಅಲ್ಲಿ ಪ್ರೊಸೆಸರ್ ಹೆಸರಿನ ಎದುರು, ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತದೆ ಅಂತ ಬರೆದಿರುತ್ತದೆ. ಆ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ. ಮಾದರಿಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಕೊನೆಯಲ್ಲಿ ಒಂದು ಅಕ್ಷರ ಬೇರೆ ಇದ್ದರೂ ಅದು ಬೇರೆ ಬೋರ್ಡು.

ಎರಡನೆಯದು ವಿಆರ್‌ಎಂ. ಮಷಿನ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ಒಂದೂಕಾಲು ವೋಲ್ಟಿಗೆ ಇಳಿಸಿ ಕೊಡುವ ಭಾಗ ಇದು. ಸಾಕೆಟ್‌ನ ಎಡಕ್ಕೂ ಮೇಲಕ್ಕೂ ಇರುತ್ತದೆ. ಪ್ರೊಸೆಸರ್ ಡಬ್ಬದ ಮೇಲಿನ ವ್ಯಾಟ್ ನೋಡಿ ಮೋಸ ಹೋಗಬೇಡಿ. 65 ವ್ಯಾಟ್ ಅಂತ ಬರೆದ ಎಎಂಡಿ ಪ್ರೊಸೆಸರ್ 88 ವ್ಯಾಟ್ ತನಕ ಎಳೆಯುತ್ತದೆ, 105 ಅಂದದ್ದು 142 ತನಕ. ಕೋರ್ ಐ9 14900ಕೆ ಮೂಲ ಲೆಕ್ಕದಲ್ಲಿ 125 ವ್ಯಾಟ್, ಟರ್ಬೋದಲ್ಲಿ 253. ಇವತ್ತು ಆರು ಕೋರ್ ಹಾಕಿದರೂ ನಾಳೆ ಹನ್ನೆರಡು ಕೋರ್ ಹಾಕುವ ಆಸೆ ಇದ್ದರೆ, ಬೋರ್ಡ್ ಈಗಲೇ ಅದನ್ನು ತಡೆಯುವಂತಿರಬೇಕು. ವಿಆರ್‌ಎಂ ಮೇಲೆ ದಪ್ಪನೆಯ ಲೋಹದ ಹೀಟ್‌ಸಿಂಕ್ ಇರಲಿ. ಮೇಲೆ ಥಳುಕು ಒಳಗೆ ಹುಳುಕು ಅನ್ನುವಂಥವೂ ಇವೆ: ಹೊಳೆಯುವ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಲೋಹವೇ ಇಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರೂ 35 ಡಿಗ್ರಿ ದಾಟುತ್ತದೆ. ಮೇಲಿನ ಮಹಡಿಯ ಮನೆ, ಫ್ಯಾನ್ ಮಾತ್ರ ಇರುವ ಕೋಣೆ ಅಂದರೆ ಇದು ಸಣ್ಣ ವಿಷಯ ಅಲ್ಲ.

ಮೂರನೆಯದು, ನನ್ನ ಪ್ರಕಾರ ಬಿಡಲೇಬಾರದ ಸೌಲಭ್ಯ, ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್. ಪ್ರೊಸೆಸರ್ ಇಲ್ಲದೆಯೇ ಬಯೋಸ್ ಬದಲಿಸಬಹುದು. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಗಿಗಾಬೈಟ್ ಇದನ್ನು ಕ್ಯೂ-ಫ್ಲ್ಯಾಶ್ ಪ್ಲಸ್ ಅನ್ನುತ್ತದೆ. ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಹಂತ 7ರಲ್ಲಿ ಹೇಳುತ್ತೇನೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎರಡು ಬೇಕೇ ಬೇಕು. ಒಂದು ಸ್ಲಾಟ್ ತುಂಬಿದರೆ ಇನ್ನೊಂದು ಪೋರ್ಟ್ ನಿಂತುಹೋಗುತ್ತದೆಯೇ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ರ‍್ಯಾಮ್ ಸ್ಲಾಟ್ ನಾಲ್ಕಿದ್ದರೂ ಎರಡೇ ಸ್ಟಿಕ್ ಹಾಕಿ. ರೈಜೆನ್ 9000ದಲ್ಲಿ ಎರಡು ಸ್ಟಿಕ್‌ಗೆ ಅಧಿಕೃತ ವೇಗ 5600 ಇದ್ದದ್ದು, ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. ಬಣ್ಣದ ಲೈಟ್‌ಗೆ ದುಡ್ಡು ಕೊಡುವ ಬದಲು ಬೋರ್ಡ್ ಮೇಲೆ ದೋಷ ತೋರಿಸುವ ನಾಲ್ಕು ಸಣ್ಣ ಎಲ್‌ಇಡಿ ಇದೆಯಾ ನೋಡಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಕಷ್ಟಕಾಲದಲ್ಲಿ ಅವೇ ಮಾತಾಡುತ್ತವೆ.

ಹಂತ 5: ರೂಪಾಯಿ ಲೆಕ್ಕ, ಮುಂಚೆ ಕೊಳ್ಳಬಹುದಾದದ್ದು

ಬಿಡುಗಡೆಯ ದಿನ ಡಾಲರ್ ಬೆಲೆ ಹೇಳುತ್ತಾರೆ. ಅಮೆರಿಕದಲ್ಲಿ ಹೇಳುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಪ್ರೊಸೆಸರ್, ಬೋರ್ಡ್ ಎರಡಕ್ಕೂ 18 ಪರ್ಸೆಂಟ್ ಜಿಎಸ್‌ಟಿ. 300 ಡಾಲರ್ ಅಂದರೆ, ಡಾಲರ್‌ಗೆ 90 ರೂಪಾಯಿ ಹಿಡಿದರೂ 27,000. ಜಿಎಸ್‌ಟಿ 4,860 ಸೇರಿ 31,860. ಮೊದಲ ವಾರಗಳಲ್ಲಿ ಸರಕು ಕಡಿಮೆ ಇದ್ದರೆ ಅಂಗಡಿಯಲ್ಲಿ ಅದಕ್ಕೂ ಮೇಲೆ ಕೇಳುತ್ತಾರೆ. ಈ ಲೆಕ್ಕ ನಿಮ್ಮ ಹತ್ತಿರ ಇದ್ದರೆ, ಕೇಳುತ್ತಿರುವುದು ನ್ಯಾಯದ ರೇಟಾ ಅಲ್ಲವಾ ಅಂತ ನಿಂತಲ್ಲೇ ಗೊತ್ತಾಗುತ್ತದೆ. ಸ್ವಂತ ಕಚೇರಿ ಇದ್ದು ಜಿಎಸ್‌ಟಿ ನೋಂದಣಿ ಇರುವವರು, ಆ ಸಂಖ್ಯೆ ಹಾಕಿಸಿಯೇ ಬಿಲ್ ಮಾಡಿಸಿ.

ಕಾಯುವ ಹೊತ್ತಿನಲ್ಲಿ ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್, ಎಸ್‌ಎಸ್‌ಡಿ ಕೊಳ್ಳಬಹುದು. ಅವಕ್ಕೆ ಸಾಕೆಟ್‌ನ ಹಂಗಿಲ್ಲ. ಬೋರ್ಡ್ ಮಾತ್ರ ಬೇಡ. ಪ್ರೊಸೆಸರ್ ಘೋಷಣೆ ಆಗುವ ಮೊದಲೇ "ಮುಂದಿನದಕ್ಕೂ ನಡೆಯುತ್ತೆ" ಅಂತ ಯಾರೋ ಹೇಳಿದ ಮಾತು ನಂಬಿ ಬೋರ್ಡ್ ತಂದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕೂಲರ್ ವಿಷಯದಲ್ಲಿ ಸ್ವಲ್ಪ ನೋಡಿಕೊಳ್ಳಿ. ಎಎಂ4ರ ಬಹುತೇಕ ಕೂಲರ್‌ಗಳು ಎಎಂ5ಗೆ ಕೂಡುತ್ತವೆ. ಬೋರ್ಡ್‌ನ ಹಿಂಬದಿಯ ಪ್ಲೇಟ್ ಬದಲಿಸುವಂಥವು ಕೂಡುವುದಿಲ್ಲ. ಎಲ್‌ಜಿಎ 1700ರ ಕೂಲರ್ 1851ಕ್ಕೂ ಆಗುತ್ತದೆ. 1200ರದ್ದು 1700ಕ್ಕೆ ಬ್ರಾಕೆಟ್ ಇಲ್ಲದೆ ಆಗುವುದಿಲ್ಲ, ತೂತುಗಳ ಅಂತರವೇ ಬೇರೆ.

ರ‍್ಯಾಮ್ ಬಗ್ಗೆ ಮಾತ್ರ ಕಾಯಿರಿ ಅಂತ ಕಣ್ಣು ಮುಚ್ಚಿ ಹೇಳಲಾರೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಬೆಲೆ ಒಂದೇ ಸಮನೆ ಏರಿತು. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಪ್ರೊಸೆಸರ್‌ನಲ್ಲಿ ಎರಡು ಸಾವಿರ ಉಳಿಸಲು ಕಾದು, ರ‍್ಯಾಮ್‌ಗೆ ಅದರ ಎಷ್ಟೋ ಪಟ್ಟು ಕಳೆದುಕೊಳ್ಳುವುದು ಬೇಡ. ಎಎಂ5, ಎಲ್‌ಜಿಎ 1851 ಎರಡೂ ಡಿಡಿಆರ್5 ಬಗೆಯ ರ‍್ಯಾಮ್ ಮಾತ್ರ ಒಪ್ಪುತ್ತವೆ. ಒಳ್ಳೆಯ ರೇಟಿಗೆ ಸಿಕ್ಕರೆ 6000 ವೇಗದ ಎರಡು ಸ್ಟಿಕ್‌ನ ಕಿಟ್ ತೆಗೆದಿಡಬಹುದು.

ಹಂತ 6: ಎಸ್‌ಪಿ ರೋಡ್‌ನಲ್ಲಿ

ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ. ಆನ್‌ಲೈನ್‌ನಲ್ಲಿ ತರಿಸಿದರೂ ತಪ್ಪಿಲ್ಲ. ಆದರೆ ಬೋರ್ಡ್‌ನಂಥ ಸಾಮಾನನ್ನು ಕಣ್ಣೆದುರು ಡಬ್ಬ ಬಿಚ್ಚಿಸಿ ತರುವುದು ನನಗೆ ಸಮಾಧಾನ. ಮೆಟ್ರೋದಲ್ಲಿ ಹಸಿರು ಮಾರ್ಗದ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗಬಹುದು. ಗಾಡಿ ತರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ವಾರದ ನಡುವೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಮೂರು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಳ್ಳಿ. "ಬಿಲ್ ಇಲ್ದೆ ಆದ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್" ಅಂದರೆ ಅಲ್ಲಿಂದ ಹೊರಡಿ. ಬಿಲ್ ಇಲ್ಲದಿದ್ದರೆ ನಾಳೆ ವಾರಂಟಿ ಕೇಳುವಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಪ್ರೊಸೆಸರ್ ಬಾಕ್ಸ್ ಪೀಸಾ, ಟ್ರೇ ಪೀಸಾ ಕೇಳಿ. ಟ್ರೇ ಪೀಸ್ ಅಂದರೆ ಡಬ್ಬ, ಕೂಲರ್ ಇಲ್ಲದೆ ಬರುವುದು. ಬೆಲೆ ಕಡಿಮೆ, ಆದರೆ ವಾರಂಟಿಗೆ ಸಾಮಾನ್ಯವಾಗಿ ಮಾರಿದವರನ್ನೇ ನಂಬಿಕೊಳ್ಳಬೇಕು. ಬಾಕ್ಸ್ ಪೀಸ್‌ಗೆ ಮೂರು ವರ್ಷ ಕಂಪನಿ ವಾರಂಟಿ. ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದೆ ಚಿತ್ರ ಬರುವುದಿಲ್ಲ.

ಈಗ ಕೌಂಟರ್ ಮೇಲೆ ಬೋರ್ಡ್ ಡಬ್ಬ. ಇಲ್ಲಿ ಅವಸರ ಬೇಡ. ಈಗಿನ ಎಎಂಡಿ, ಇಂಟೆಲ್ ಎರಡರಲ್ಲೂ ಪಿನ್‌ಗಳು ಬೋರ್ಡ್ ಸಾಕೆಟ್‌ನಲ್ಲಿವೆ. ಎಎಂ5ರಲ್ಲಿ 1718 ಪಿನ್. ಕೂದಲಿನಷ್ಟು ಸಣ್ಣ ತಂತಿಗಳು, ಎಲ್ಲವೂ ಒಂದೇ ಕಡೆ ಬಾಗಿ ಸಾಲಾಗಿ ನಿಂತಿರುತ್ತವೆ. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ನೇರ ಮೇಲಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ಎಲ್ಲ ತುದಿಗಳೂ ಒಂದೇ ಸಮನೆ ಮಿನುಗಬೇಕು, ಗಾಳಿಗೆ ಒಂದೇ ಕಡೆ ಬಾಗಿದ ರಾಗಿ ಪೈರಿನ ಹಾಗೆ. ಎಲ್ಲಾದರೂ ಒಂದು ಚುಕ್ಕೆ ಮಂಕಾಗಿ ಕಂಡರೆ ಅಥವಾ ಸಾಲು ತಪ್ಪಿದ್ದರೆ ಆ ಪಿನ್ ಬಾಗಿದೆ ಅಂತ ಅರ್ಥ. ಅಲ್ಲೇ ಫೋಟೋ ತೆಗೆಯಿರಿ, ಬೇರೆ ಬೋರ್ಡ್ ಕೇಳಿ. ಮನೆಗೆ ತಂದ ಮೇಲೆ ಬಾಗಿದ ಪಿನ್‌ಗೆ ವಾರಂಟಿ ಕೇಳಿದರೆ ಒಪ್ಪುವುದು ಕಷ್ಟ. ಚೆನ್ನಾಗಿದ್ದರೂ ಒಂದು ಫೋಟೋ ಇರಲಿ. ಮುಚ್ಚಳ ಮತ್ತೆ ಹಾಕಿಸಿ.

ಹಂತ 7: ಬಯೋಸ್, ಎಲ್ಲರೂ ಎಡವುವ ಜಾಗ

2021ರ ಶುರುವಿನಲ್ಲಿ ಬಸವನಗುಡಿಯ ನನ್ನ ಸ್ನೇಹಿತನಿಗೆ ಮಷಿನ್ ಕಟ್ಟಿಕೊಡಲು ಹೋಗಿದ್ದೆ. ಬಿ550 ಬೋರ್ಡ್, ರೈಜೆನ್ 5 5600ಎಕ್ಸ್. ಎಲ್ಲ ಜೋಡಿಸಿ ಪವರ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಲೈಟ್ ಉರಿಯುತ್ತಿತ್ತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆವು, ಕೇಬಲ್ ಬದಲಿಸಿದೆವು, ಪಕ್ಕದ ಮನೆಯಿಂದ ಮಾನಿಟರ್ ತಂದೆವು. ಎರಡು ಸಂಜೆ ಹೋಯಿತು. ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ "ಪ್ರೊಸೆಸರ್ ಹೋಗಿರ್ಬೇಕು ಸಾರ್, ಕಂಪನಿಗೆ ಕಳಿಸಿ" ಅಂದರು. ಅವನ ಮುಖ ಬಾಡಿಹೋಯಿತು.

ಆಮೇಲೆ ನೋಡಿದರೆ ಬೋರ್ಡ್ ಮೇಲಿದ್ದ ಎಲ್‌ಇಡಿಗಳಲ್ಲಿ ಸಿಪಿಯು ಅನ್ನುವುದು ಕೆಂಪಗೆ ಉರಿಯುತ್ತಿತ್ತು. ಹಾಳಾದದ್ದು ಏನೂ ಇರಲಿಲ್ಲ. ಬಿ550 ಬಂದದ್ದು 2020ರ ಜೂನ್‌ನಲ್ಲಿ, 5600ಎಕ್ಸ್ ಬಂದದ್ದು ನವೆಂಬರ್‌ನಲ್ಲಿ. ನಮ್ಮದು ಮೊದಲ ಸರಕಿನ ಬೋರ್ಡ್. ಆ ಪ್ರೊಸೆಸರ್ ಹುಟ್ಟುವ ಮೊದಲೇ ಅದರ ಬಯೋಸ್ ಬರೆದಾಗಿತ್ತು. ಅದೃಷ್ಟಕ್ಕೆ ಹಿಂದುಗಡೆ ಫ್ಲ್ಯಾಶ್‌ಬ್ಯಾಕ್ ಬಟನ್ ಇತ್ತು.

ಹೊಸ ತಲೆಮಾರು ಬಂದ ಮೊದಲ ತಿಂಗಳುಗಳಲ್ಲಿ ಇದು ಯಾರಿಗೂ ಆಗಬಹುದು. ಅದಕ್ಕೆ ಅಂಗಡಿಯಲ್ಲೇ, ಬರೆದಿಟ್ಟುಕೊಂಡ ಬಯೋಸ್ ಆವೃತ್ತಿ ತೋರಿಸಿ, ಈ ಸರಕಿನಲ್ಲಿ ಅದಿದೆಯಾ ಕೇಳಿ. ಕೆಲವು ಡಬ್ಬಗಳ ಮೇಲೆ ಹೊಸ ಪ್ರೊಸೆಸರ್‌ಗೆ ಸಿದ್ಧ ಅನ್ನುವ ಸ್ಟಿಕರ್ ಇರುತ್ತದೆ. ಇಲ್ಲದಿದ್ದರೆ ಮನೆಯಲ್ಲಿ ಹೀಗೆ ಮಾಡಿ.

32 ಜಿಬಿ ಅಥವಾ ಅದಕ್ಕಿಂತ ಸಣ್ಣ ಪೆನ್ ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಕಂಪನಿ ತಾಣದಿಂದ ನಿಮ್ಮ ಮಾದರಿಯದೇ ಬಯೋಸ್ ಇಳಿಸಿ, ಜಿಪ್ ಬಿಚ್ಚಿ. ಫೈಲ್‌ಗೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಸರೇ ಇಡಿ, ಒಂದು ಅಕ್ಷರ ತಪ್ಪಿದರೂ ಬೋರ್ಡ್ ಗುರುತಿಸುವುದಿಲ್ಲ. ಬೋರ್ಡ್‌ಗೆ 24 ಪಿನ್ ಮತ್ತು ಸಿಪಿಯು 8 ಪಿನ್ ವೈರ್ ಹಾಕಿ, ಎಸ್‌ಎಂಪಿಎಸ್ ಸ್ವಿಚ್ ಆನ್ ಮಾಡಿ. ಮಷಿನ್ ಆನ್ ಮಾಡಬೇಡಿ. ಹಿಂಬದಿಯಲ್ಲಿ ಬೇರೆ ಬಣ್ಣದ ಅಥವಾ ಬಯೋಸ್ ಅಂತ ಬರೆದ ಯುಎಸ್‌ಬಿ ಪೋರ್ಟ್ ಇರುತ್ತದೆ, ಪೆನ್ ಡ್ರೈವ್ ಅಲ್ಲಿಗೇ ಹಾಕಬೇಕು. ಬಟನ್ ಮೂರು ಸೆಕೆಂಡ್ ಒತ್ತಿ ಬಿಡಿ. ಲೈಟ್ ಮಿಣುಕಲು ಶುರುವಾಗುತ್ತದೆ. ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ, ಲೈಟ್ ತಾನೇ ನಿಲ್ಲುವ ತನಕ ಏನನ್ನೂ ಮುಟ್ಟಬೇಡಿ. ಕೆಲವೇ ಸೆಕೆಂಡಿನಲ್ಲಿ ನಿಂತರೆ ಅಥವಾ ಮಿಣುಕದೆ ಉರಿಯುತ್ತಲೇ ಇದ್ದರೆ ಫೈಲ್ ಹೆಸರೋ ಪೋರ್ಟೋ ತಪ್ಪಿದೆ.

ಆ ರಾತ್ರಿ ನಾವು ಮಂಚದ ಮೇಲೆ ಕೂತು ಆ ಲೈಟನ್ನೇ ನೋಡುತ್ತಿದ್ದೆವು. ನಿಂತಿತು. ಮತ್ತೆ ಪವರ್ ಒತ್ತಿದೆವು, ಪರದೆ ಮೇಲೆ ಬೋರ್ಡ್‌ನ ಲೋಗೋ ಬಂತು. ಅವರಮ್ಮ ಒಳಗಿಂದ ಬಂದು "ಬಂತಾ?" ಅಂದರು.

ಒಂದು ಎಚ್ಚರಿಕೆ. ಮಳೆ, ಗುಡುಗು ಇರುವ ಸಂಜೆ ಈ ಕೆಲಸ ಬೇಡ. ನಮ್ಮಲ್ಲಿ ಏಪ್ರಿಲ್, ಮೇ ಸಂಜೆಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗುವುದಿಲ್ಲ. ಅರ್ಧದಲ್ಲಿ ಹೋದರೆ ಬಯೋಸ್ ಕೆಡಬಹುದು. ಯುಪಿಎಸ್ ಇದ್ದರೆ ಅದಕ್ಕೆ ಹಾಕಿ, ಇಲ್ಲದಿದ್ದರೆ ಬೆಳಿಗ್ಗೆ ಮಾಡಿ. ಈಗಾಗಲೇ ವಿಂಡೋಸ್ ಇರುವ ಮಷಿನ್‌ನಲ್ಲಿ ಪ್ರೊಸೆಸರ್ ಅಥವಾ ಬಯೋಸ್ ಬದಲಿಸುವುದಾದರೆ, ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬೇರೆ ಕಡೆ ಬರೆದಿಡಿ. ವಿಂಡೋಸ್ 11ರಲ್ಲಿ ಅದು ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಕೀ ಇಲ್ಲದೆ ಒಳಗಿನ ಫೈಲ್ ಒಂದೂ ಸಿಗುವುದಿಲ್ಲ.

ಹಂತ 8: ಮೊದಲ ಬೂಟ್

ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಸುಮ್ನೆ ಇಡಿ. ಒತ್ತಬೇಡಿ. ಲಿವರ್ ಇಳಿಸುವಾಗ ಸ್ವಲ್ಪ ಬಿಗಿ ಅನ್ನಿಸುತ್ತದೆ, ಅದು ಸಹಜ. ರ‍್ಯಾಮ್ ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟ್‌ಗೆ. ಕೂಲರ್ ಅಡಿಯ ಪ್ಲಾಸ್ಟಿಕ್ ಹಾಳೆ ತೆಗೆಯುವುದನ್ನು ಮರೆಯಬೇಡಿ.

ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಆದಾಗ ರ‍್ಯಾಮ್ ಜೊತೆ ತಾಳ ಕೂಡಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಎಎಂ5ರಲ್ಲಿ ಹಲವು ನಿಮಿಷ ಪರದೆ ಕಪ್ಪಗೇ ಇರಬಹುದು. ಹೆದರಿ ಪವರ್ ತೆಗೆದರೆ ಮತ್ತೆ ಮೊದಲಿಂದ ಶುರು. ಹದಿನೈದು ನಿಮಿಷ ಬಿಟ್ಟುಬಿಡಿ. ಬಯೋಸ್ ತೆರೆದ ಮೇಲೆ ಎಎಂಡಿಯಲ್ಲಿ ಎಕ್ಸ್‌ಪೋ, ಇಂಟೆಲ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ. ಅದಿಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ಆನ್ ಮಾಡಿದ ಮೇಲೆ ಒಂದು ರಾತ್ರಿ ಮೆಮೊರಿ ಟೆಸ್ಟ್ ಹಾಕಿ ಬಿಡಿ.

ಅಕ್ಕನ ಮಗ ಕೊನೆಗೆ ಕಾಯಲಿಲ್ಲ. ಎಎಂ5ನಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬಿ650 ಬೋರ್ಡ್, ಆರು ಕೋರ್‌ನ ರೈಜೆನ್ 5 7600. ಉಳಿದ ದುಡ್ಡು ಮುಂದಿನ ಪ್ರೊಸೆಸರ್‌ಗೆ ಅಂತ ಬ್ಯಾಂಕಿನಲ್ಲೇ ಇಟ್ಟಿದ್ದಾನೆ. ಸಾಕೆಟ್‌ನ ಆ ಕಪ್ಪು ಮುಚ್ಚಳವನ್ನು ಕಸಕ್ಕೆ ಹಾಕಲು ಹೊರಟಿದ್ದ, ತಡೆದೆ. ನೀವೂ ಬಿಸಾಡಬೇಡಿ. ಬೋರ್ಡನ್ನು ವಾರಂಟಿಗೆ ಕಳಿಸುವಾಗ ಸಾಕೆಟ್ ಮೇಲೆ ಆ ಮುಚ್ಚಳ ಇರಬೇಕು ಅಂತ ಕೇಳುತ್ತಾರೆ. ಬಿಲ್ ಮತ್ತು ಮುಚ್ಚಳ ಎರಡನ್ನೂ ಬೋರ್ಡ್ ಡಬ್ಬದೊಳಗೆ ಹಾಕಿ, ಅಟ್ಟದ ಮೇಲೆ ಒಣಗಿದ ಜಾಗದಲ್ಲಿ ಇಡಿ.